ದಗಡಫೂಲ ಪಾಚಿ ಜಾತಿಯ ಗಿಡವಲ್ಲ: ಒಂದು ಸ್ಪಷ್ಟನೆ

ಬೆಳಗಾವಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಮಸಾಲೆಗೆ ಹಾಕುವ ದಗಡಫೂಲ ಪಾಚಿ ಜಾತಿಯ ಗಿಡ. ಬಂಡೆ, ಮರಗಳ ಮೇಲಿನ ಕಲ್ಲುಹೂವುಗಳೆಲ್ಲ ಒಂದೇ ವಂಶದವು.' ದಗಡಫೂಲ ಒಂದು ಬಗೆಯ ಕಲ್ಲುಹೂವು (ಲೈಕೆನ್) ಹೌದು; ಆದರೆ ಸಂದೇಶದ ಎರಡೂ ಮಾತು ತಪ್ಪು.

ರವಿವಾರ ಪೇಟೆಯಿಂದ ತಂದ ಪೊಟ್ಟಣದಿಂದ ಒಂದು ಚೂರು ತೆಗೆದು ನೀರಲ್ಲಿ ನೆನೆಸಿ. ಮೇಲ್ಮೈ ಬೂದು ಬಣ್ಣ, ಅಡಿ ಕಪ್ಪು. ಹರಿದ ಅಂಚಿಗೆ ಭೂತಕನ್ನಡಿ ಹಿಡಿದರೆ ಮೇಲ್ಪದರದ ಕೆಳಗೇ ತೆಳ್ಳನೆ ಹಸಿರು ಗೆರೆ ಕಂಡೀತು. ಪಾಚಿ ಅನ್ನೋದು ಅಷ್ಟೇ. ಉಳಿದ ಮೈಯೆಲ್ಲ ಶಿಲೀಂಧ್ರದ ಎಳೆಗಳ ಹೆಣಿಗೆ. ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿಕೊಟ್ಟು ಆ ಅಡುಗೆಯಲ್ಲೇ ಉಣ್ಣುತ್ತದೆ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ 1867ರಲ್ಲಿ ಇದನ್ನು ಹೇಳಿದಾಗ ಆ ಕಾಲದ ಕಲ್ಲುಹೂವಿನ ಪಂಡಿತರೇ ಒಪ್ಪಲಿಲ್ಲ. ಇಂದು ದಗಡಫೂಲಕ್ಕಿರುವ 'ಪಾರ್ಮೋಟ್ರೆಮಾ' ಎಂಬ ವೈಜ್ಞಾನಿಕ ಹೆಸರು ಸೇರುವುದು ಅದರ ಶಿಲೀಂಧ್ರಕ್ಕೆ. ಒಳಗಿನ ಪಾಚಿಗೆ ಬೇರೆಯೇ ಹೆಸರಿದೆ. (ಮರಾಠಿಯಲ್ಲಿ ದಗಡ ಅಂದರೆ ಕಲ್ಲು, ನಿಜ; ಆದರೆ ಇದು ಮರದ ತೊಗಟೆ ಮೇಲೂ ಚೆನ್ನಾಗಿಯೇ ಬೆಳೆಯುತ್ತದೆ.)

ಇನ್ನು ವಂಶದ ಮಾತು. ಕಲ್ಲುಹೂವು ಅನ್ನೋದು ಕುಲವಲ್ಲ, ಬದುಕುವ ರೀತಿ. 1995ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು, ಶಿಲೀಂಧ್ರಗಳು ಕನಿಷ್ಠ ಐದು ಸಲ ಬೇರೆ ಬೇರೆಯಾಗಿ ಈ ದಾರಿ ಹಿಡಿದಿವೆ ಎಂದು ತೋರಿಸಿತು. ಬಹುಪಾಲು ಆಸ್ಕೊಮೈಕೋಟಾ ವಿಭಾಗದವು, ಅಂದರೆ ಬ್ರೆಡ್ಡಿನ ಯೀಸ್ಟ್ ಇರುವ ವಿಭಾಗ. ಕೆಲವೇ ಕೆಲವು ಅಣಬೆಗಳ ಕಡೆಯ ನೆಂಟರು.

ಶಿಲೀಂಧ್ರ ಅಂದಕೂಡಲೇ ಬೂಸ್ಟು ಎಂದುಕೊಂಡು ಮಸಾಲೆ ಡಬ್ಬಿ ಖಾಲಿ ಮಾಡಬೇಡಿ. ಅಣಬೆಯೂ ಶಿಲೀಂಧ್ರವೇ.