ಹಿಮ್ಮಡಿಯ ರಜ್ಜು ಮತ್ತು ವಿಶ್ರಾಂತಿ ಎಂಬ ಸುಲಭದ ಸಲಹೆ

1950ರ ದಶಕದ ಮಧ್ಯಭಾಗದಿಂದ 1963ರವರೆಗೆ ಬಯಲಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದಾಗಿ ವಾತಾವರಣದಲ್ಲಿದ್ದ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ನಿನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾದ ಮೇಲೆ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಗಿಡಗಳು ಆ ಕಾರ್ಬನ್ನನ್ನು ಹೀರಿಕೊಂಡವು, ಊಟದ ಮೂಲಕ ಅದು ಆ ಕಾಲದ ಮಕ್ಕಳ ಮೈ ಸೇರಿತು. ದೇಹದ ಯಾವುದೇ ಅಂಗಾಂಶವನ್ನು ಅಳೆದು, ಅದರ ಕಾರ್ಬನ್ ಯಾವ ವರ್ಷದ ಗಾಳಿಗೆ ಹೊಂದುತ್ತದೆ ಎಂದು ನೋಡಿದರೆ, ಆ ಅಂಗಾಂಶ ಯಾವಾಗ ಕಟ್ಟಿದ್ದು ಎಂಬುದು ತಿಳಿಯುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಾತ್ಯಾ ಹೈನಮಯರ್, ಮೈಕೆಲ್ ಕೇರ್ ಮತ್ತು ಅವರ ಸಂಗಡಿಗರು ಮೃತದೇಹಗಳಿಂದ ತೆಗೆದ ಅಕಿಲಿಸ್ ಸ್ನಾಯುರಜ್ಜುಗಳನ್ನು, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಆ ದಪ್ಪ ಬಿಳಿಯ ರಜ್ಜುವನ್ನು, ಹೀಗೆ ಅಳೆದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರ ತಿರುಳು ಬದುಕಿನ ಮೊದಲ 17 ವರ್ಷಗಳಲ್ಲಿ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೊಸತಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಅದೇ ಜನರ ಮಾಂಸಖಂಡದಲ್ಲಾದರೋ ಹಳತು ಹೋಗಿ ಹೊಸತು ಬರುತ್ತಲೇ ಇತ್ತು.

ಫಿಸಿಯೋಥೆರಪಿಯನ್ನೇ ವೃತ್ತಿ ಮಾಡಿಕೊಂಡಿರುವ ನನಗೆ ಈ ಸಂಶೋಧನೆ ಇಷ್ಟವಾಗಲು ಕಾರಣ ಅದರ ಜಾಣತನವಷ್ಟೇ ಅಲ್ಲ. ನಾವು ದಿನಾ ರೋಗಿಗಳಿಗೆ ಕೊಡುವ ಸಲಹೆಗಳಲ್ಲಿ ಅರ್ಧದಷ್ಟನ್ನು ಅದು ಪ್ರಶ್ನಿಸುತ್ತದೆ. ಸ್ನಾಯುರಜ್ಜುವಿನ ನೋವಿಗೆ ನಮ್ಮಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಎರಡು: ಒಂದು ತಿಂಗಳು ವಿಶ್ರಾಂತಿ ಮಾಡಿ, ಇಲ್ಲದಿದ್ದರೆ ಒಂದು ಇಂಜೆಕ್ಷನ್ ತೆಗೆದುಕೊಳ್ಳಿ. ಎರಡೂ ಆ ಅಂಗಾಂಶದ ಸ್ವಭಾವಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ರಚನೆ. ನೀರನ್ನು ಬಿಟ್ಟರೆ ಸ್ನಾಯುರಜ್ಜುವಿನ ಬಹುಭಾಗ ಕೊಲಾಜೆನ್ ಎಂಬ ಪ್ರೋಟೀನು. ಆ ಅಣುವಿನಲ್ಲಿ ಮೂರು ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿವೆ ಎಂದು 1954–55ರಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಅವರು ಎಕ್ಸ್-ರೇ ಹಾಯಿಸಿ ಚಿತ್ರ ಪಡೆದ ವಸ್ತುಗಳಲ್ಲಿ ಕಾಂಗರೂ ಬಾಲದ ಸ್ನಾಯುರಜ್ಜುವೂ ಒಂದು. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅದೇ ಸಂಸ್ಥೆಗೆ ಮರಳಿ ಆಣ್ವಿಕ ಜೀವಭೌತ ವಿಭಾಗವನ್ನು ಕಟ್ಟಿದರು. ಮಲ್ಲೇಶ್ವರದ ದಾರಿಯಲ್ಲಿ ಸಂಸ್ಥೆಯ ಕಾಂಪೌಂಡು ದಾಟಿ ಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ.

ಈ ಮೂರೆಳೆಯ ಅಣುಗಳು ಸಾಲುಗಟ್ಟಿ ಸೂಕ್ಷ್ಮ ತಂತುಗಳಾಗುತ್ತವೆ, ತಂತುಗಳು ಸೇರಿ ನಾರಾಗುತ್ತವೆ, ನಾರುಗಳ ಕಟ್ಟುಗಳು ಕೂಡಿ ಇಡೀ ರಜ್ಜುವಾಗುತ್ತದೆ. ಹಲವು ಹುರಿಗಳನ್ನು ಸೇರಿಸಿ ಹೊಸೆದ ಬಾವಿಹಗ್ಗದಂತೆ. ಹಗ್ಗಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಮತ್ತು ಕಳೆದ ಹತ್ತು-ಹದಿನೈದು ವರ್ಷಗಳ ಬಹಳಷ್ಟು ಕುತೂಹಲಕಾರಿ ಕೆಲಸ ನಡೆದಿರುವುದು ಅಲ್ಲಿಯೇ. ಈ ನಾರುಕಟ್ಟುಗಳ ನಡುವೆ ಇಲಾಸ್ಟಿನ್ ಎಂಬ ಹಿಗ್ಗಿ ಕುಗ್ಗುವ ಪ್ರೋಟೀನು ಹೆಚ್ಚಿರುವ ತೆಳುವಾದ, ಜಾರುವ ಪದರವೊಂದಿದೆ. ಲಂಡನ್ನಿನ ಹೇಜಲ್ ಸ್ಕ್ರೀನ್, ಶವಾನ್ ಥಾರ್ಪ್ ಮುಂತಾದವರು ರೇಸ್ ಕುದುರೆಗಳ ಮುಂಗಾಲಿನ ರಜ್ಜುಗಳನ್ನು ಎಳೆದು ನೋಡಿದಾಗ, ಓಟದ ಹೊರೆ ಹೊರುವ ರಜ್ಜು ಉದ್ದವಾಗುವುದು ನಾರುಗಳು ಹಿಗ್ಗುವುದರಿಂದಷ್ಟೇ ಅಲ್ಲ, ಕಟ್ಟುಗಳು ಪರಸ್ಪರ ಜಾರುವುದರಿಂದಲೂ ಎಂದು ಗೊತ್ತಾಯಿತು. ವಯಸ್ಸಾದ ಕುದುರೆಗಳಲ್ಲಿ ಈ ಪದರ ಬಿಗಿಯಾಗುತ್ತದೆ, ಜಾರುವುದು ಕಡಿಮೆಯಾಗುತ್ತದೆ, ಹೊರೆಯೆಲ್ಲ ನಾರಿನ ಮೇಲೆಯೇ ಬೀಳುತ್ತದೆ. ಹೀಗಾಗಿ ಮುಪ್ಪಿನಲ್ಲಿ ರಜ್ಜು ಸೋಲುವುದಕ್ಕೆ ನಾರು ಸವೆಯುವುದೊಂದೇ ಕಾರಣವೆಂದು ತಿಳಿಯುವಂತಿಲ್ಲ. ಥಾರ್ಪ್ ಅವರದೇ 2010ರ ಇನ್ನೊಂದು ಲೆಕ್ಕದ ಪ್ರಕಾರ ಕುದುರೆಯ ಆ ರಜ್ಜುವಿನ ಕೊಲಾಜೆನ್ನಿನಲ್ಲಿ ಅರ್ಧಭಾಗ ಬದಲಾಗಲು ಸುಮಾರು 198 ವರ್ಷ ಬೇಕು, ಹೊರೆ ಕಡಿಮೆಯಿರುವ ಇನ್ನೊಂದು ರಜ್ಜುವಿಗೆ ಸುಮಾರು 34 ವರ್ಷ. ಕುದುರೆಯ ಆಯುಸ್ಸು ಮೂವತ್ತು ದಾಟುವುದೇ ಅಪರೂಪ. ಅತಿ ಹೆಚ್ಚು ದುಡಿಯುವ ರಜ್ಜುವೇ ಅತಿ ಕಡಿಮೆ ರಿಪೇರಿಯಾಗುತ್ತದೆ ಎಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಭಾರ ಹೊತ್ತಿರುವಾಗಲೇ ನಾರನ್ನು ಬಿಚ್ಚಿ ಕಟ್ಟುವುದು ಅಪಾಯದ ಕೆಲಸವೆಂದು ಯೋಚಿಸಿದರೆ ಅದರಲ್ಲೊಂದು ತರ್ಕ ಕಾಣುತ್ತದೆ.

ಹಾಗೆಂದು ರಜ್ಜು ಜೀವವಿಲ್ಲದ ವಸ್ತುವಲ್ಲ. ಮ್ಯಾಂಚೆಸ್ಟರಿನ ಕಾರ್ಲ್ ಕ್ಯಾಡ್ಲರ್ ಅವರ ತಂಡ 2020ರಲ್ಲಿ ಇಲಿಗಳ ಮೇಲಿನ ಅಧ್ಯಯನದಲ್ಲಿ ತೋರಿಸಿದಂತೆ, ದಪ್ಪ ತಂತುಗಳು ಹಾಗೆಯೇ ಉಳಿದರೂ ಅವುಗಳ ನಡುವಿನ ತೆಳು ತಂತುಗಳು ದೇಹದ ಒಳಗಡಿಯಾರದ ಲಯಕ್ಕೆ ತಕ್ಕಂತೆ ಪ್ರತಿದಿನ ಹುಟ್ಟಿ ಕರಗುತ್ತವೆ. ಆ ಗಡಿಯಾರದ ಜೀನನ್ನು ಕೆಡಿಸಿದರೆ ಕೊಲಾಜೆನ್ನಿನ ಜೋಡಣೆಯೇ ಅಸ್ತವ್ಯಸ್ತವಾಗುತ್ತದೆ. ತಿರುಳು ಕಾಯಂ, ಅದರ ಸುತ್ತಲಿನ ಒಂದು ಪಾಲು ದಿನಗೂಲಿ ಎನ್ನಬಹುದು.

ಈಗ ನೋವಿನ ವಿಷಯಕ್ಕೆ ಬರುತ್ತೇನೆ. ನಾನು ಕೆಲಸ ಮಾಡುವುದು ಶಿರಸಿಯ ಕಡೆ. ಇಲ್ಲಿ ಅಡಿಕೆ ಮರ ಹತ್ತುವ ಕೊನೆಗಾರರು ಮಳೆಗಾಲದಲ್ಲಿ ಕೊಳೆಗೆ ಮದ್ದು ಹೊಡೆಯುವುದರಿಂದ ಹಿಡಿದು ಚಳಿಗಾಲದ ಕೊನೆಕೊಯ್ಲಿನವರೆಗೆ ದಿನಕ್ಕೆ ಹತ್ತಾರು ಮರಗಳ ಮೇಲೆ ಪಾದದ ಮುಂಭಾಗವೊತ್ತಿ ಮೈಭಾರವನ್ನೆಲ್ಲ ಮೀನಖಂಡದಿಂದ ಎತ್ತುತ್ತಾರೆ. ಅಂಥವರೊಬ್ಬರು, ವಯಸ್ಸು ಐವತ್ತರ ಆಸುಪಾಸು, ಬೆಂಚಿನ ಮೇಲೆ ಬೋರಲು ಮಲಗಿ ಕಾಲು ಹೊರಗೆ ಚಾಚಿದ್ದರು. "ಬೆಳಿಗ್ಗೆ ಎದ್ದು ಮೊದಲ ನಾಕು ಹೆಜ್ಜೆ ಇಡೂಕೆ ಆಗೂದಿಲ್ಲ ಡಾಕ್ಟ್ರೆ, ನರ ಎಳದ ಹಾಂಗೆ. ಆಮೇಲೆ ಬಿಸಿ ಆದ ಹಾಂಗೆ ಸರಿ ಹೋಗ್ತದೆ" ಎಂದರು. ಹಿಮ್ಮಡಿಯ ಮೂಳೆಯಿಂದ ನಾಲ್ಕು ಬೆರಳು ಮೇಲೆ ರಜ್ಜುವನ್ನು ಹೆಬ್ಬೆರಳು-ತೋರುಬೆರಳಿನ ನಡುವೆ ಹಿಡಿದರೆ ಆ ಜಾಗ ಇನ್ನೊಂದು ಕಾಲಿನದಕ್ಕಿಂತ ಎದ್ದು ಕಾಣುವಷ್ಟು ದಪ್ಪ. ಒತ್ತಿದ ಕೂಡಲೇ ಅವರು ಕಾಲೆಳೆದುಕೊಂಡರು. ಎರಡು ತಿಂಗಳು ಮರ ಹತ್ತಬೇಡಿ ಎಂದು ಯಾರೋ ಹೇಳಿದ್ದರಂತೆ. ಹತ್ತದೆ ಇದ್ದರಂತೆ ಕೂಡ. ಮತ್ತೆ ಮರ ಹತ್ತಿದ ವಾರದಲ್ಲಿಯೇ ನೋವು ಮರಳಿತ್ತು, ಎರಡು ತಿಂಗಳ ಕೂಲಿ ಮಾತ್ರ ಮರಳಿರಲಿಲ್ಲ.

ಅವರ ರಜ್ಜುವಿನ ಆ ದಪ್ಪ ಜಾಗದಲ್ಲಿ ಏನಾಗಿರುತ್ತದೆ? ಹಳೆಯ ಪಠ್ಯಗಳು ಇದನ್ನು ಉರಿಯೂತವೆಂದವು. ಉರಿಯೂತದ ಪಾತ್ರ ಎಷ್ಟೆಂಬ ಚರ್ಚೆ ಇಂದಿಗೂ ಇದೆ, ಆದರೆ ಅದೊಂದೇ ಕಥೆಯಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ನಾರುಗಳು ಓರಣ ತಪ್ಪಿರುತ್ತವೆ, ನೀರು ಹೆಚ್ಚಿರುತ್ತದೆ, ಸಣ್ಣ ರಕ್ತನಾಳಗಳೂ ನರಗಳೂ ಒಳನುಗ್ಗಿರುತ್ತವೆ. ಕೋಪನ್‌ಹೇಗನ್ ತಂಡವೇ 2018ರಲ್ಲಿ ಅದೇ ಕಾರ್ಬನ್ ವಿಧಾನದಿಂದ, ನೋವಿರುವ ರಜ್ಜುಗಳಲ್ಲಿ ಕೊಲಾಜೆನ್ ಬದಲಾವಣೆ ಅಸಹಜವಾಗಿ ಹೆಚ್ಚಿರುತ್ತದೆ ಮತ್ತು ಅದು ನೋವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತದೆ ಎಂದು ತೋರಿಸಿತು. ಅಂದರೆ ನೋವೆಂದು ನಮ್ಮ ಬಾಗಿಲಿಗೆ ಬರುವವರ ರಜ್ಜು ಅಷ್ಟರಲ್ಲಿ ಬಹಳ ದೂರ ಸಾಗಿರುತ್ತದೆ. ಇಂಥದ್ದು ಹದಿನೈದು ದಿನದ ವಿಶ್ರಾಂತಿಯಿಂದ ಮೊದಲಿನಂತಾಗುತ್ತದೆ ಎಂದು ನಂಬಲು ನನಗೆ ಯಾವ ಆಧಾರವೂ ಕಾಣುವುದಿಲ್ಲ. ವಿಶ್ರಾಂತಿಯಿಂದ ನೋವು ತಗ್ಗುತ್ತದೆ, ನಿಜ. ಆದರೆ ಹೊರೆಯಿಲ್ಲದ ರಜ್ಜು ಮತ್ತೂ ದುರ್ಬಲವಾಗುತ್ತದೆ, ಹಳೆಯ ಕೆಲಸಕ್ಕೆ ಮರಳಿದ ದಿನ ಅದಕ್ಕೆ ಆ ಕೆಲಸ ಮೊದಲಿಗಿಂತ ಭಾರವಾಗಿರುತ್ತದೆ.

ಇಂಜೆಕ್ಷನ್ ಬಗ್ಗೆ ಇನ್ನೂ ಕಟುವಾಗಿಯೇ ಹೇಳಬೇಕು. ಮೊಣಕೈಯ ರಜ್ಜುವಿನ ನೋವಾದ ಟೆನಿಸ್ ಎಲ್ಬೋ ಗೊತ್ತಲ್ಲ, 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರಿಂದಾಗಿ ಮನೆಮಾತಾಗಿದ್ದು, ಬರುವುದು ಮಾತ್ರ ಹೆಚ್ಚಾಗಿ ರಾಕೆಟ್ಟು ಮುಟ್ಟದವರಿಗೆ. ಅದಕ್ಕೆ ಸ್ಟೀರಾಯ್ಡ್ ಕೊಟ್ಟು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆಸಿದ, 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರು ವಾರಕ್ಕೆ ಇಂಜೆಕ್ಷನ್ ಪಡೆದವರೇ ಎಲ್ಲರಿಗಿಂತ ಚೆನ್ನಾಗಿದ್ದರು. ಆಮೇಲೆ ಹಾಗೆ ಗುಣವಾದವರಲ್ಲಿ ಶೇಕಡ 72 ಮಂದಿಗೆ ತೊಂದರೆ ಮರುಕಳಿಸಿತು. ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2010ರ ಲ್ಯಾನ್ಸೆಟ್ ವಿಮರ್ಶೆಯೂ ಅದನ್ನೇ ಹೇಳಿತು: ಮೊದಲ ಕೆಲವು ವಾರ ಲಾಭ, ಮುಂದೆ ಬೇರೆ ಚಿಕಿತ್ಸೆಗಳಿಗಿಂತ ಕೆಟ್ಟ ಫಲ. ರಕ್ತದ ಪ್ಲೇಟ್‌ಲೆಟ್ ಸಾಂದ್ರಗೊಳಿಸಿ ಚುಚ್ಚುವ ಪಿಆರ್‌ಪಿಗೆ ನಗರಗಳಲ್ಲಿ ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರೆ. ಅಕಿಲಿಸ್ ನೋವಿಗೆ ಅದನ್ನು ಉಪ್ಪುನೀರಿನ ಇಂಜೆಕ್ಷನ್ನಿಗೆ ಹೋಲಿಸಿದ ನೆದರ್‌ಲೆಂಡ್ಸ್‌ನ 2010ರ ಪರೀಕ್ಷೆಯಲ್ಲಿ ಎರಡರ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಸಿಪ್ರೋಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳಿಂದ ಸ್ನಾಯುರಜ್ಜು ಹರಿಯುವ ಅಪಾಯವಿದೆ, ಅರವತ್ತು ದಾಟಿದವರಿಗೂ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೂ ಅದು ಹೆಚ್ಚು ಎಂದು ಅಮೆರಿಕದ ಔಷಧ ನಿಯಂತ್ರಕರು 2008ರಿಂದಲೇ ಅತ್ಯಂತ ಗಂಭೀರ ಎಚ್ಚರಿಕೆ ಮುದ್ರಿಸಲು ಆದೇಶಿಸಿದ್ದಾರೆ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಹೊಟ್ಟೆ ಕೆಟ್ಟಿದೆ ಎಂದರೆ ಚೀಟಿಯಿಲ್ಲದೆ ಎರಡು ಗುಳಿಗೆ ಕತ್ತರಿಸಿ ಕೊಡುವಾಗ ಈ ಮಾತನ್ನು ಯಾರೂ ಹೇಳುವುದಿಲ್ಲ.

ಹಾಗಾದರೆ ಕೆಲಸ ಮಾಡುವುದೇನು? ಹೊರೆ. ಸ್ವೀಡನ್ನಿನ ಹೋಕನ್ ಆಲ್‌ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ನಮ್ಮ ಕೆಲಸದ ಬುನಾದಿ: ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗವಿಟ್ಟು ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಹದಿನೈದರಂತೆ ಮೂರು ಸಲ, ಬೆಳಿಗ್ಗೆ ಸಂಜೆ, ಹನ್ನೆರಡು ವಾರ. ಸ್ವಲ್ಪ ನೋವಾದರೂ ಬಿಡಬಾರದು, ನೋವಿಲ್ಲದಾದಾಗ ಬೆನ್ನಿಗೆ ಭಾರ ಕಟ್ಟಿ ಮುಂದುವರಿಸಬೇಕು. ಆಮೇಲಿನ ಡ್ಯಾನಿಶ್ ಪರೀಕ್ಷೆಗಳಲ್ಲಿ ವಾರಕ್ಕೆ ಮೂರು ದಿನ ಭಾರವಾದ ತೂಕವನ್ನು ನಿಧಾನವಾಗಿ ಎತ್ತಿ ಇಳಿಸುವ ಕ್ರಮವೂ ಅಷ್ಟೇ ಫಲ ಕೊಟ್ಟಿತು. ನಮ್ಮ ಕೊನೆಗಾರರಿಗೆ ಹೇಳಿದ್ದು ಇದನ್ನೇ, ಮರಗಳ ಸಂಖ್ಯೆಯನ್ನು ಕೆಲವು ವಾರ ಅರ್ಧಕ್ಕಿಳಿಸಿ, ಪೂರ್ತಿ ನಿಲ್ಲಿಸದೆ. ಕಾಯಿಲೆಯವನಿಗೆ ಕೆಲಸ ಹೇಳುವ ಡಾಕ್ಟರನ್ನು ಮನೆಯವರು ಸಂಶಯದಿಂದಲೇ ನೋಡುತ್ತಾರೆ. ಅದು ನಮಗೆ ಅಭ್ಯಾಸವಾಗಿದೆ.

17 ವರ್ಷದ ಆ ಸಂಖ್ಯೆ ನನ್ನನ್ನು ಇನ್ನೊಂದು ಕಡೆಗೂ ಎಳೆಯುತ್ತದೆ. ತಿರುಳು ಕಟ್ಟುವುದು ಆ ವಯಸ್ಸಿಗೆ ಮುಗಿಯುವುದಾದರೆ, ಅಷ್ಟರೊಳಗೆ ಮಗು ಎಷ್ಟು ಓಡಿತು, ಎಷ್ಟು ಜಿಗಿಯಿತು ಎಂಬುದಕ್ಕೆ ಬೆಲೆಯಿದೆ ಎಂದು ನಾನು ತರ್ಕಿಸುತ್ತೇನೆ. ನಮ್ಮ ಶಾಲೆಗಳಲ್ಲಿ ಎಂಟನೇ ತರಗತಿಯಿಂದಲೇ ಪಿಟಿ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ಕೇಳಿ ಪಡೆಯುತ್ತಾರೆ, ಎಸ್ಸೆಸ್ಸೆಲ್ಸಿಯ ಹೊತ್ತಿಗೆ ಮೈದಾನ ಖಾಲಿ, ಪಿಯುಸಿಯಲ್ಲಿ ಕೋಚಿಂಗ್ ಮುಗಿಯುವಾಗ ರಾತ್ರಿ ಎಂಟು. ಸಿಇಟಿ ರ‍್ಯಾಂಕಿಗಾಗಿ ಕುಳಿತೇ ಕಳೆದ ಆ ನಾಲ್ಕೈದು ವರ್ಷಗಳನ್ನು ಮೂವತ್ತೈದರಲ್ಲಿ ಜಿಮ್ ಸೇರಿ ತುಂಬಿಕೊಳ್ಳಬಹುದೆಂಬ ಭರವಸೆ ಮಾಂಸಖಂಡದ ಮಟ್ಟಿಗೆ ಸರಿ, ರಜ್ಜುವಿನ ಮಟ್ಟಿಗೆ ನನಗೆ ಅಷ್ಟು ಧೈರ್ಯವಿಲ್ಲ. ವಾರಾಂತ್ಯದ ಕ್ರಿಕೆಟ್ಟಿನಲ್ಲಿ ಒಂದು ರನ್ ಕದಿಯಲು ಹೊರಟು, ಹಿಂದಿನಿಂದ ಯಾರೋ ಒದ್ದರೆಂದು ತಿರುಗಿ ನೋಡಿದ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಕೇಳಿ. ಅಕಿಲಿಸ್ ಹರಿದವರು ಸಾಮಾನ್ಯವಾಗಿ ಹೇಳುವುದೇ ಹಾಗೆ.

ಮುಪ್ಪಿನ ಮಾತು ಉಳಿಯಿತು. ಬದಲಾಗದ ತಿರುಳಿನಲ್ಲಿ ಸಕ್ಕರೆಯ ಅಂಶಗಳು ವರ್ಷಗಟ್ಟಲೆ ಕೊಲಾಜೆನ್ನಿಗೆ ಅಂಟಿ ಅಡ್ಡಕೊಂಡಿಗಳನ್ನು ಹಾಕುತ್ತವೆ, ತಂತುಗಳು ಜಾರುವುದು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯಿದ್ದವರಲ್ಲಿ ಇದು ಇನ್ನಷ್ಟು ಹೆಚ್ಚು. ಆದರೂ ಅರವತ್ತಾದ ಮೇಲೆ ನಡಿಗೆಯೊಂದು ಸಾಕು, ಭಾರದ ಗೊಡವೆ ಬೇಡ ಎಂಬ ನಮ್ಮ ಬುದ್ಧಿವಾದವನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ರೀವ್ಸ್, ಮಗನಾರಿಸ್, ನಾರಿಚಿ ಅವರು 2003ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಸರಾಸರಿ 74 ವರ್ಷದವರು 14 ವಾರ ವ್ಯಾಯಾಮ ಮಾಡಿದ ಮೇಲೆ ಅವರ ಮಂಡಿಚಿಪ್ಪಿನ ರಜ್ಜುವಿನ ಬಿಗುವು ಸುಮಾರು ಶೇಕಡ 65ರಷ್ಟು ಹೆಚ್ಚಿತ್ತು. ಎಳೆತವನ್ನು ಬೇಗ ಮೂಳೆಗೆ ದಾಟಿಸುವ ಈ ಬಿಗುವು ಎಡವಿದಾಗ ಸಾವರಿಸಿಕೊಳ್ಳಲು ಬೇಕಾದದ್ದು. ಆ ಹಿರಿಯರು ಪಾರ್ಕಿನಲ್ಲಿ ಸುತ್ತು ಹಾಕಿ ಅದನ್ನು ಗಳಿಸಿರಲಿಲ್ಲ. ವಾರಕ್ಕೆ ಮೂರು ಬಾರಿ ಜಿಮ್ಮಿನ ಯಂತ್ರದ ಮೇಲೆ ಕುಳಿತು, ತಮ್ಮಿಂದ ಎತ್ತಲು ಸಾಧ್ಯವಾದ ತೂಕದ ದೊಡ್ಡ ಪಾಲನ್ನೇ ಕಾಲಿನಿಂದ ತಳ್ಳಿದ್ದರು.