ಹೊಸ್ತಿಲಾಚೆ ಬಿಟ್ಟು ಬರುವ ಕೆಲಸವಲ್ಲ

ಅಮೆರಿಕದ ಅಯೋವಾ ರಾಜ್ಯದಲ್ಲಿ ಲೈನ್‌ಮನ್ ಆಗಿದ್ದ ತಂದೆಯೊಬ್ಬರನ್ನು ನೆನೆದು ಬರೆದ ಲೇಖನವೊಂದನ್ನು ಓದಿದೆ; ಅದು ಮನಮುಟ್ಟುವಂತಿದೆ. ಆದರೆ ಕೆಲಸದ ಚಿಂತೆಯನ್ನು ಹೊಸ್ತಿಲಾಚೆಯೇ ಬಿಟ್ಟು ಬರುತ್ತಿದ್ದುದರಿಂದ ಅವರು ಮನೆಯಲ್ಲಿ ಅಷ್ಟು ಮೋಜುಗಾರರಾಗಿದ್ದರು ಎಂಬ ಅದರ ಮಾತನ್ನು ಒಪ್ಪಲಾರೆ. ಅದೇ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ನಮ್ಮ ನೆರೆಮನೆಯವರದೂ ಇದೇ ಕೆಲಸ. 2020ರ ಆಗಸ್ಟ್ 10ರಂದು ಡೆರೇಚೊ ಬಿರುಗಾಳಿ ಎರಗಿ ಹೆಚ್ಚುಕಡಿಮೆ ಇಡೀ ಊರೇ ಕತ್ತಲಲ್ಲಿ ಮುಳುಗಿದ್ದ ಆ ದಿನಗಳಲ್ಲಿ, ಒಂದು ಮುಂಜಾನೆ ಕೆಲಸಕ್ಕೆ ಹೊರಟಿದ್ದ ಅವರು ಅಂಗಳದಲ್ಲಿ ಮಕ್ಕಳ ಮುಂದೆ ಕುಳಿತು, ರಬ್ಬರ್ ಕೈಗವಸಿನ ಬಾಯನ್ನು ಬಿಗಿಯಾಗಿ ಸುರುಳಿ ಸುತ್ತುತ್ತ ಬಂದು, ಒಳಗೆ ಸಿಕ್ಕಿಬಿದ್ದ ಗಾಳಿಗೆ ಐದೂ ಬೆರಳು ಉಬ್ಬಿ ನಿಂತೊಡನೆ ಅದನ್ನು ಹುಂಜದ ಜುಟ್ಟಿನಂತೆ ತಲೆಯ ಮೇಲಿಟ್ಟುಕೊಂಡು ಅವರನ್ನು ನಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮರುಕ್ಷಣವೇ ಅದನ್ನು ಕೆನ್ನೆಗೊತ್ತಿ, ಎಲ್ಲಿಂದಾದರೂ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸಿದರು. ಸೂಜಿಮೊನೆಯಷ್ಟು ತೂತಿದ್ದರೂ 7,200 ವೋಲ್ಟ್ ತಂತಿಯ ಮುಂದೆ ಆ ಗವಸನ್ನು ನಂಬುವಂತಿಲ್ಲ. 1891ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ವಿದ್ಯುತ್ ಕಾರ್ಮಿಕರ ಸಂಘ ಕಟ್ಟಿ ಅದರ ಮೊದಲ ಅಧ್ಯಕ್ಷರಾದ ಹೆನ್ರಿ ಮಿಲ್ಲರ್, ತಾವೂ ಲೈನ್‌ಮನ್ ಆಗಿದ್ದವರು, ಐದೇ ವರ್ಷಗಳಲ್ಲಿ ಲೈನ್ ಕೆಲಸದಲ್ಲೇ ವಿದ್ಯುದಾಘಾತಕ್ಕೆ ಸಿಕ್ಕಿ ಕೆಳಗೆ ಬಿದ್ದು ತೀರಿಕೊಂಡರು. ಇಂಥ ಕೆಲಸದ ಎಚ್ಚರ ಮನೆಗೂ ಬರುತ್ತದೆ, ಮಕ್ಕಳೊಡನೆ ಆಟವಾಗುತ್ತದೆ. ಲೇಖನದಲ್ಲಿರುವ ತಂದೆಯೂ ಹಾಗೇ ಇದ್ದರೆಂಬುದು ನನ್ನ ಬಲವಾದ ನಂಬಿಕೆ. ಅವರು ಆಟದ ನೆಪದಲ್ಲಿ ಏನೇನು ಕಲಿಸಿದರೆಂದು ಲೇಖಕರು ದಯವಿಟ್ಟು ಅವರ ಮಕ್ಕಳನ್ನು ಕೇಳಿ ಬರೆಯಲಿ.