ವೈಟ್ ವೈನ್‌ಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನ ಯಾವ ರಸ್ತೆಗೆ ಹೋದರೂ ಒಂದು ‘ವೈನ್ಸ್’ ಬೋರ್ಡು ಕಾಣುತ್ತದೆ. ಒಳಗೆ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಮೊದಲ ಸಲ ‘ವೈಟ್ ವೈನ್ ಇದೆಯಾ?’ ಅಂತ ಕೇಳಿದಾಗ, ಕೌಂಟರಿನ ಹುಡುಗ ನನ್ನನ್ನೊಮ್ಮೆ, ಸ್ಕೂಟರ್ ಮೇಲೆ ಕೂತಿದ್ದ ನನ್ನ ಗಂಡನನ್ನೊಮ್ಮೆ ನೋಡಿ, ‘ಕೇಕ್‌ಗಾ ಮೇಡಂ?’ ಅಂದ. ಇಲ್ಲಪ್ಪಾ, ಕುಡಿಯೋಕೆ ಅಂದೆ. ಪಾಪ, ಅವನಿಗೇ ನಾಚಿಕೆಯಾಯಿತು. ಒಳಗಿಂದ ಒಂದು ಬಾಟಲಿ ತಂದು, ಹಳೇ ಪೇಪರಿನಲ್ಲಿ ಸುತ್ತಿ, ಕರಿ ಕವರಿಗೆ ಹಾಕಿ ಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಕೆಂಪು ಪೋರ್ಟ್ ವೈನ್!

ಅದು ಹತ್ತು ವರ್ಷದ ಹಿಂದಿನ ಮಾತು. ಈಗ ಅದೇ ಅಂಗಡಿಯಲ್ಲಿ ಐದಾರು ಬಗೆಯ ವೈಟ್ ವೈನ್ ಇವೆ. ದೊಡ್ಡ ಅಂಗಡಿಗಳಲ್ಲಂತೂ ಗೋಡೆ ತುಂಬ. ‘ಎಷ್ಟರದ್ದು ತಗೊಂಡ್ರೆ ಚೆನ್ನಾಗಿರುತ್ತೆ?’ ಅಂತ ಸ್ನೇಹಿತೆಯರು ಫೋನ್ ಮಾಡಿ ಕೇಳುತ್ತಾರೆ. ಎಷ್ಟರದ್ದು ಅಂತ ಆಮೇಲೆ ನೋಡು, ಯಾವ ವರ್ಷದ್ದು ಅಂತ ಮೊದಲು ನೋಡು ಅನ್ನುತ್ತೇನೆ. ಈ ಬುದ್ಧಿ ನನಗೇನೂ ಪುಕ್ಕಟೆ ಬಂದದ್ದಲ್ಲ. 3,400 ರೂಪಾಯಿ ಕೊಟ್ಟು ಕಲಿತದ್ದು.

ಅಕ್ಕ ಭಾವನ ಮದುವೆಯಾಗಿ 25 ವರ್ಷ ತುಂಬಿದಾಗ ಏನಾದರೂ ಒಳ್ಳೆಯದು ತರೋಣ ಅಂತ ಒಂದು ಜೋರಾದ ಅಂಗಡಿಗೆ ಹೋದೆ. ಹೆಸರು ಬೇಡ ಬಿಡಿ. ಗಾಜಿನ ಕಿಟಕಿಯಲ್ಲೇ ಫ್ರಾನ್ಸಿನ ಒಂದು ವೈಟ್ ವೈನ್, ಶಾರ್ಡೊನೆ ಎಂಬ ದ್ರಾಕ್ಷಿಯದು, ನಿಂತಿತ್ತು. ಅದರ ನೆತ್ತಿಗೆ ಸರಿಯಾಗಿ ಒಂದು ಫೋಕಸ್ ಲೈಟು. ಕೈಗೆತ್ತಿಕೊಂಡರೆ ಒಳ್ಳೇ ಕಲ್ಲುಗುಂಡಿನಷ್ಟು ಭಾರ. ತಳದಲ್ಲಿ ಹೆಬ್ಬೆರಳು ಪೂರ್ತಿ ಮುಳುಗುವಷ್ಟು ಗುಳಿ. ಇಷ್ಟು ಗತ್ತಿನ ಬಾಟಲಿಯಲ್ಲಿ ಕೆಟ್ಟದ್ದು ಇರೋಕೆ ಸಾಧ್ಯವೇ ಅಂದುಕೊಂಡೆ.

ಊಟದ ಹೊತ್ತಿಗೆ ತಣ್ಣಗೆ ಮಾಡಿ ತೆಗೆದೆವು. ಬಿರಡೆ ಒಣಗಿ ಅರ್ಧಕ್ಕೆ ಪುಡಿಯಾಯಿತು. ಲೋಟಕ್ಕೆ ಬಗ್ಗಿಸಿದರೆ ಎಳ್ಳೆಣ್ಣೆ ಬಣ್ಣ. ಮಕ್ಕಳ ಟಿಫಿನ್ ಡಬ್ಬಿಗೆ ಬೆಳಿಗ್ಗೆ ಸೇಬು ಹೆಚ್ಚಿ ಹಾಕಿರುತ್ತೀವಿ. ತಿನ್ನದೆ ವಾಪಸ್ ತಂದಿರುತ್ತವೆ. ಸಂಜೆ ಮುಚ್ಚಳ ತೆಗೆದಾಗ ಒಂದು ವಾಸನೆ ಬರುತ್ತಲ್ಲ, ಅದೇ ವಾಸನೆ. ಎಲ್ಲರೂ ಒಂದೊಂದು ಗುಟುಕು ಕುಡಿದು ‘ಚೆನ್ನಾಗಿದೆ, ಬೇರೆ ಥರ ಇದೆ’ ಅಂದರು. ಭಾವ ಮಾತ್ರ ಲೋಟ ಕೆಳಗಿಟ್ಟರು.

ಭಾವನದು ಚಿಕ್ಕಬಳ್ಳಾಪುರದ ಕಡೆ. ಎರಡು ಎಕರೆ ದ್ರಾಕ್ಷಿ ತೋಟ ಇದೆ. ಅವರು ಬೆಲೆ ಕೇಳಲಿಲ್ಲ. ‘ಇದು ಯಾವ ವರ್ಷದ ಹಣ್ಣು?’ ಅಂದರು. ಲೇಬಲ್ ನೋಡಿದೆ. ಏಳು ವರ್ಷ ಹಳೆಯದು. ‘ಎಲ್ಲಿಟ್ಟಿದ್ರು?’ ಕಿಟಕಿಯಲ್ಲಿ, ಲೈಟಿನ ಕೆಳಗೆ ಅಂದೆ. ‘ಹಣ್ಣು ಕಿತ್ತ ಮೇಲೆ ಮಂಡಿಗೆ ಹೋಗೋದ್ರೊಳಗೆ ಬಿಸಿಲು ತಾಕಿದ್ರೆ ನಮಗೆ ಅರ್ಧ ರೇಟೂ ಸಿಗಲ್ಲ ಕಣಮ್ಮ. ನೀನು ಬಿಸಿಲಿಗೆ ಸೇರಿಸಿ ದುಡ್ಡು ಕೊಟ್ಟು ಬಂದಿದೀಯ’ ಅಂದರು.

ಮಾರನೇ ದಿನ ಅಂಗಡಿಗೆ ಹೋಗಿ ಹೇಳಿದೆ. ಮಾಲೀಕರು ನಗುತ್ತಾ, ‘ಮೇಡಂ, ವೈನ್ ಹಳೇದಾದಷ್ಟೂ ಒಳ್ಳೇದು’ ಅಂದರು.

ಈ ಒಂದು ಮಾತು ಎಷ್ಟು ಜನರ ಜೇಬು ಕತ್ತರಿಸಿದೆಯೋ. ಕೆಲವು ವೈನ್‌ಗಳ ಮಟ್ಟಿಗೆ ಅದು ನಿಜವೇ. ಕೆಂಪು ವೈನನ್ನು ದ್ರಾಕ್ಷಿ ಸಿಪ್ಪೆಯ ಸಮೇತ ಹುದುಗು ಬರಿಸುತ್ತಾರೆ. ಸಿಪ್ಪೆಯ ಒಗರು ರಸಕ್ಕೆ ಇಳಿಯುತ್ತದೆ. ಆ ಒಗರು ಗಾಳಿಯ ಹೊಡೆತವನ್ನು ತಡೆಯುತ್ತದೆ. ವೈಟ್ ವೈನ್‌ಗೆ ಮೊದಲೇ ಹಣ್ಣು ಹಿಂಡಿ, ಸಿಪ್ಪೆ ಬೇರೆ ಮಾಡಿ, ಬರೀ ರಸವನ್ನು ಹುದುಗು ಬರಿಸುವುದು. ಹಾಗಾಗಿ ಅದಕ್ಕೆ ಆ ರಕ್ಷಣೆ ಕಮ್ಮಿ. ಜರ್ಮನಿಯ ಒಳ್ಳೆಯ ರೀಸ್ಲಿಂಗ್ ವೈನ್, ಫ್ರಾನ್ಸಿನ ಬರ್ಗಂಡಿ ಸೀಮೆಯ ದುಬಾರಿ ಶಾರ್ಡೊನೆ, ಸೋಟರ್ನ್ ಎಂಬ ಸಿಹಿ ವೈನ್, ಇಂಥವು ಹತ್ತಿಪ್ಪತ್ತು ವರ್ಷ ಬಾಳುತ್ತವೆ. ಅದೂ ತಂಪಾದ ಕತ್ತಲೆ ನೆಲಮಾಳಿಗೆಯಲ್ಲಿ ಅಡ್ಡ ಮಲಗಿಸಿಟ್ಟರೆ. ನಾವು ನೀವು ಕೊಳ್ಳುವ ಬಹುಪಾಲು ವೈಟ್ ವೈನ್ ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಲಿ ಅಂತಲೇ ಮಾಡಿದ್ದು. ಹಾಲಿನ ಪ್ಯಾಕೆಟ್ ತಗೊಳ್ಳುವಾಗ ತಾರೀಖು ನೋಡುತ್ತೀವಿ. ಇದಕ್ಕೆ ಯಾಕೆ ನೋಡಬಾರದು?

ನಮಗೆ ಇಲ್ಲೊಂದು ಅನುಕೂಲ ಇದೆ. ಯುರೋಪಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ ಕೊಯ್ಲು. ನಂದಿಬೆಟ್ಟದ ಸುತ್ತ, ನಾಸಿಕ್ ಕಡೆ ಎಲ್ಲ ಜನವರಿಯಿಂದ ಮಾರ್ಚ್. ಮಳೆ ನಿಂತ ಮೇಲೆ ಬಳ್ಳಿ ಕತ್ತರಿಸಿ ಬಿಡುತ್ತಾರೆ. ಚಳಿಗಾಲದಲ್ಲಿ ಹಣ್ಣು. ಹಾಗಾಗಿ ದಸರಾ ಹೊತ್ತಿಗೆ ಅಂಗಡಿಗೆ ಹೋದರೆ ಅದೇ ವರ್ಷದ ಹಣ್ಣಿನ ವೈನ್ ಸಿಗುವ ಸಾಧ್ಯತೆ ಇದೆ. ಅದೂ ದೊಡ್ಡಬಳ್ಳಾಪುರದಿಂದ ಬಂದಿದ್ದರೆ ಹಡಗು ಹತ್ತಿಲ್ಲ, ಬಂದರಿನಲ್ಲಿ ಬೆಂದಿಲ್ಲ. ಗ್ರೋವರ್ ಎಂಬ ವೈನ್ ಕಂಪನಿಯವರು ಅಲ್ಲಿ 1988ರಲ್ಲಿ ಶುರು ಮಾಡಿದರು. ಸುಲಾ ಕಂಪನಿಯವರು ನಾಸಿಕ್‌ನಿಂದ ಮೊದಲ ವೈನ್ ಹೊರತಂದದ್ದು 2000ದಲ್ಲಿ. ನಮ್ಮ ರಾಜ್ಯದ ವೈನ್ ನೀತಿ ಬಂದದ್ದು 2007ರಲ್ಲಿ. ಈಗ ಹಂಪಿ ಕಡೆಯ ಬಂಡೆಗಳ ನಡುವೆಯೂ ಕೃಷ್ಮಾ ಕಂಪನಿಯವರು ಸೊವಿನ್ಯೋ ಬ್ಲಾಂ ಎಂಬ ವೈಟ್ ವೈನ್ ದ್ರಾಕ್ಷಿ ಬೆಳೆಯುತ್ತಾರೆ. (ನಮ್ಮ ಅಂಗಡಿ ಹುಡುಗ ಅದನ್ನು ‘ಸಾವಿಗ್ನಾನ್’ ಅನ್ನುತ್ತಾನೆ. ನಾನೂ ಅಲ್ಲಿ ಹಾಗೇ ಕೇಳುವುದು. ಇಲ್ಲದಿದ್ದರೆ ಸಿಗುವುದಿಲ್ಲ.)

ಇನ್ನು ಬೆಲೆಯ ಕಥೆ. ವಿದೇಶಿ ಬಾಟಲಿ ದುಬಾರಿ, ಆದ್ದರಿಂದ ಒಳ್ಳೆಯದು ಅಂತ ಅಂದುಕೊಳ್ಳುತ್ತೀವಿ. ಲೆಕ್ಕ ಹಾಕಿ ನೋಡಿ. ಹೊರಗಿನಿಂದ ಬರುವ ವೈನ್‌ಗೆ ವರ್ಷಾನುಗಟ್ಟಲೆ ಶೇ 150ರಷ್ಟು ಕಸ್ಟಮ್ಸ್ ಸುಂಕ ಹಾಕುತ್ತಾ ಬಂದಿದ್ದಾರೆ. ಬಂದರಿಗೆ ಬಂದಾಗ 400 ರೂಪಾಯಿ ಇದ್ದ ಬಾಟಲಿಗೆ 600 ರೂಪಾಯಿ ಸುಂಕ. ಅಲ್ಲಿಗೇ ಸಾವಿರ. ಆಮೇಲೆ ರಾಜ್ಯದ ಅಬಕಾರಿ, ಆಮದು ಮಾಡಿದವರ ಲಾಭ, ಲಾರಿ, ಅಂಗಡಿಯವರ ಪಾಲು. ನೀವು ಕೊಡುವ ಎರಡು ಸಾವಿರದಲ್ಲಿ ನಾಲಿಗೆಗೆ ಸಿಗುವುದು ಆ ಮೊದಲಿನ 400 ರೂಪಾಯಿ ಮಾತ್ರ. ಅದರಲ್ಲೂ ಬಾಟಲಿ, ಬಿರಡೆ, ಹಡಗಿನ ಬಾಡಿಗೆ ಕಳೆಯಬೇಕು!

ಆಸ್ಟ್ರೇಲಿಯಾದ ವೈನ್ ಮಾತ್ರ ಸ್ವಲ್ಪ ಬೇರೆ. 2022ರ ಡಿಸೆಂಬರ್ ಕೊನೆಗೆ ಜಾರಿಗೆ ಬಂದ ಎರಡು ದೇಶಗಳ ವ್ಯಾಪಾರ ಒಪ್ಪಂದದಲ್ಲಿ, ಬಾಟಲಿಯ ಬಂದರಿನ ಬೆಲೆ 5 ಡಾಲರ್ ಮೇಲಿದ್ದರೆ ಸುಂಕ ಶೇ 100ಕ್ಕೆ ಇಳಿಯಿತು. 15 ಡಾಲರ್ ಮೇಲಿದ್ದರೆ ಶೇ 75ಕ್ಕೆ. ಮುಂದೆ ವರ್ಷ ವರ್ಷ ಇನ್ನೂ ಇಳಿಸುತ್ತಾ ಹೋಗುವ ಮಾತಾಗಿದೆ. ಅಂದರೆ ಅಲ್ಲಿನ ತೀರಾ ಅಗ್ಗದ ಬಾಟಲಿಗೆ ರಿಯಾಯಿತಿ ಇಲ್ಲ, ದುಬಾರಿಯದಕ್ಕೆ ಇದೆ. ಹಾಗಾಗಿ ಆಸ್ಟ್ರೇಲಿಯಾದ್ದು ಕೊಳ್ಳುವುದಾದರೆ ಒಂದು ಮೆಟ್ಟಿಲು ಮೇಲಿನದನ್ನೇ ಕೊಳ್ಳುವುದು ಜಾಣತನ.

ಭಾರದ ಗಾಜು, ಆಳದ ಗುಳಿ, ಚಿನ್ನದ ಅಕ್ಷರ ಇವಕ್ಕೂ ಒಳಗಿನ ರಸಕ್ಕೂ ಸಂಬಂಧ ಇಲ್ಲ. ಕೆಲವು ವೈನ್ ಇಟ್ಟು ಹದ ಮಾಡುವ ಓಕ್ ಮರದ ಪೀಪಾಯಿಯ ವಿಷಯ ಬೇರೆ. 225 ಲೀಟರಿನ ಒಂದು ಪೀಪಾಯಿಯಿಂದ ಬರುವುದು 300 ಬಾಟಲಿ. ಫ್ರೆಂಚ್ ಮರದ ಹೊಸ ಪೀಪಾಯಿ ಅಂದರೆ ಒಳ್ಳೇ ಬೆಲೆ. ಅದರ ಖರ್ಚು ಬಾಟಲಿ ಮೇಲೆ ಬೀಳುವುದು ನ್ಯಾಯವೇ. ಆದರೆ ಆ ಮರದ, ಬೆಣ್ಣೆಯ ಥರದ ರುಚಿ ನಿಮಗೆ ಇಷ್ಟವಾ ಅಂತ ಮೊದಲು ಗೊತ್ತಿರಬೇಕು ಅಲ್ವಾ? ನನಗೆ ಇಷ್ಟ ಇಲ್ಲ. ಇಷ್ಟವಿಲ್ಲದ ರುಚಿಗೆ ನಾನು ಯಾಕೆ ದುಡ್ಡು ಕೊಡಲಿ? ತಿರುಗಿಸಿ ತೆಗೆಯುವ ಮುಚ್ಚಳ ಕಂಡರೆ ಅಗ್ಗದ್ದು ಅಂತ ಮೂಗು ಮುರಿಯುವವರಿದ್ದಾರೆ. ನ್ಯೂಜಿಲೆಂಡಿನವರು ತಮ್ಮ ಒಳ್ಳೊಳ್ಳೆ ವೈನ್‌ಗೂ ಅದನ್ನೇ ಹಾಕುತ್ತಾರೆ. ಅಂಗಡಿಯಲ್ಲಿ ಬಾಟಲಿ ನಿಂತೇ ಇದ್ದರೂ ಅದು ಬಿರಡೆಯ ಹಾಗೆ ಒಣಗುವುದಿಲ್ಲ. ನಮ್ಮೂರಿಗೆ ಅದೇ ಸರಿ.

ಮೂರು ಸಾವಿರ ಕಳೆದುಕೊಂಡ ಹಟಕ್ಕೆ ಹೋದ ದೀಪಾವಳಿ ಆದ ಮೇಲೆ ಒಂದು ಭಾನುವಾರ ಮನೆಯಲ್ಲೇ ಪರೀಕ್ಷೆ ಇಟ್ಟೆವು. ನಾಲ್ಕು ಬಾಟಲಿ ತಂದೆ. ನಮ್ಮ ಕಡೆಯ ಸೊವಿನ್ಯೋ ಬ್ಲಾಂ ಒಂದು, ಕೊಂಚ ಸಿಹಿ ಇರುವ ಶೆನಿನ್ ಬ್ಲಾಂ ಒಂದು, ನ್ಯೂಜಿಲೆಂಡಿನ ಸೊವಿನ್ಯೋ ಒಂದು, ಇಟಲಿಯದು ಒಂದು. 900 ರೂಪಾಯಿಯಿಂದ 2,600ರವರೆಗೆ. ನಾಲ್ಕಕ್ಕೂ ನ್ಯೂಸ್‌ಪೇಪರ್ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಒಂದು ಎರಡು ಮೂರು ನಾಲ್ಕು ಅಂತ ಮಗಳ ಕೈಲಿ ಬರೆಸಿದೆ. ಬೆಲೆ ಯಾರಿಗೂ ಗೊತ್ತಾಗಬಾರದು, ಅದೇ ಮುಖ್ಯ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು ಅಂತ ಹೇಳಿ ಕುಡಿಸಿದ್ದರು. 90 ಅಂದಾಗ ಜನಕ್ಕೆ ಜಾಸ್ತಿ ಇಷ್ಟವಾಯಿತು. ಮೆದುಳಿನ ಸ್ಕ್ಯಾನ್‌ನಲ್ಲೂ ಅದು ಕಂಡಿತ್ತು. ಅಂದರೆ ಜನ ಸುಮ್ನೆ ಬಾಯಿಮಾತಿಗೆ ಹೇಳಿದ್ದಲ್ಲ.

ಫ್ರಿಜ್‌ನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟೆವು. ಐಸಿನಷ್ಟು ತಣ್ಣಗಿದ್ದರೆ ಕೆಟ್ಟದ್ದೂ ಗೊತ್ತಾಗಲ್ಲ, ಒಳ್ಳೆಯದೂ ಗೊತ್ತಾಗಲ್ಲ. ಪಕ್ಕದಲ್ಲಿ ಸೌತೆಕಾಯಿ ಕೋಸಂಬರಿ, ನಿಂಬೆಹಣ್ಣು ಹಿಂಡಿದ ಕಡಲೆಕಾಯಿ, ಮಂಗಳೂರು ಮಸಾಲೆ ಹಾಕಿದ ಕಾಣೆ ಮೀನಿನ ಫ್ರೈ. ಕುಡಿದು ಅಂಕ ಕೊಡಿ ಅಂದರೆ ನಮ್ಮ ಮನೆಯವರು ಕೊಡುವುದಿಲ್ಲ. ‘ಎಲ್ಲಾ ಚೆನ್ನಾಗಿದೆ’ ಅನ್ನುತ್ತಾರೆ. ಹಾಗಾಗಿ ನಾನು ಬಾಯಿ ಕೇಳಲಿಲ್ಲ, ಕೈ ನೋಡಿದೆ. ಎರಡನೇ ಸಲ ಯಾರು ಯಾವ ಬಾಟಲಿಗೆ ಕೈ ಚಾಚಿದರು ಅಂತ.

ಬರೀ ಮೂಸಿ ನೋಡುವಾಗ ನ್ಯೂಜಿಲೆಂಡಿನದೇ ಗೆದ್ದಿತು. ಸೀಬೆಕಾಯಿ, ಆಗತಾನೇ ಕತ್ತರಿಸಿದ ಹುಲ್ಲು, ಘಮ್ಮೆನ್ನುತ್ತಿತ್ತು. ಒಪ್ಪಬೇಕು. ಕೋಸಂಬರಿ ತಟ್ಟೆಗೆ ಬಂದ ಮೇಲೆ ಅದಕ್ಕೂ ನಮ್ಮ ಕಡೆಯ ಸೊವಿನ್ಯೋಗೂ ಅಷ್ಟೇನೂ ಅಂತರ ಇರಲಿಲ್ಲ. ಕಾಣೆ ಫ್ರೈ ಬಂದಾಗ ಕಥೆಯೇ ಬೇರೆ. ಖಾರದ ಮೇಲೆ ಹುಳಿ ವೈನ್ ಕುಡಿದರೆ ಬಾಯಿ ಇನ್ನೂ ಉರಿಯುತ್ತದೆ. ಅಕ್ಕ ಸೀದಾ ಎರಡನೇ ನಂಬರಿಗೆ ಕೈ ಹಾಕಿದಳು. ಅದು ಕೊಂಚ ಸಿಹಿಯ ಶೆನಿನ್, 900 ರೂಪಾಯಿಯದು. ಮೊದಲು ಖಾಲಿಯಾದದ್ದೂ ಅದೇ. ಇಟಲಿಯದು ಅರ್ಧ ಉಳಿಯಿತು. ಪೇಪರ್ ಬಿಚ್ಚಿ ನೋಡಿದರೆ ಅದು ನಾಲ್ಕು ವರ್ಷ ಹಳೆಯದು. ಅಂಗಡಿಯಲ್ಲಿ ವರ್ಷ ನೋಡದೆ ತಂದಿದ್ದೆ, ಬೈದುಕೊಂಡೆ.

2,600 ರೂಪಾಯಿಯ ನ್ಯೂಜಿಲೆಂಡಿನದು 900ರದಕ್ಕಿಂತ ಮೂರು ಪಟ್ಟು ಚೆನ್ನಾಗಿತ್ತಾ ಅಂದರೆ ಇಲ್ಲ. ಆದರೆ ಕುಡಿದ ಮೇಲೆ ಮಾರನೇ ದಿನವೂ ನೆನಪಿದ್ದದ್ದು ಅದರ ಘಮವೇ. ವರ್ಷಕ್ಕೊಂದು ಸಲ ಅದನ್ನು ಕೊಂಡರೆ ನನಗೆ ಬೇಜಾರಿಲ್ಲ. ತಿಂಗಳಿಗೊಂದು ಅಂದರೆ ಮನಸ್ಸು ಬರುವುದಿಲ್ಲ.

ಹೋಟೆಲಿನಲ್ಲಿ ಕುಡಿಯುವವರಿಗೆ ಒಂದೇ ಮಾತು. ಒಂದು ಬಾಟಲಿಯಲ್ಲಿ 150 ಮಿ.ಲೀ.ನ ಐದು ಗ್ಲಾಸು. ಗ್ಲಾಸ್ ಲೆಕ್ಕದಲ್ಲಿ ತಗೊಳ್ಳುವಾಗ ‘ಬಾಟಲಿ ಯಾವಾಗ ಓಪನ್ ಮಾಡಿದ್ದು?’ ಅಂತ ಕೇಳಿ. ಮೊನ್ನೆಯದು ಅಂದರೆ ನಿಂಬೆ ಸೋಡಾ ಹೇಳಿ. ಮನೆಯಲ್ಲಿ ಇಬ್ಬರೇ ಆದರೆ 375 ಮಿ.ಲೀ.ನ ಚಿಕ್ಕ ಬಾಟಲಿ ನೋಡಿ. ಲೆಕ್ಕಕ್ಕೆ ಕೊಂಚ ದುಬಾರಿ ಬೀಳುತ್ತದೆ, ಆದರೆ ಉಳಿದು ಹಾಳಾಗುವುದಿಲ್ಲ.

ಈಗ ನಾನು ಮನೆ ಹತ್ತಿರದ ಅಂಗಡಿಗೇ ಹೋಗುತ್ತೇನೆ. ಬಾಟಲಿ ತಿರುಗಿಸಿ ವರ್ಷ ಓದುತ್ತೇನೆ. ಆಮದಿನದಾದರೆ ಹಿಂದಿನ ಸ್ಟಿಕ್ಕರಿನಲ್ಲಿ ಯಾವ ತಿಂಗಳು ಬಂದದ್ದು ಅಂತ ನೋಡುತ್ತೇನೆ. ಬಣ್ಣವಿಲ್ಲದ ಗಾಜಿನಲ್ಲಿದ್ದರೆ ಬೆಳಕಿಗೆ ಹಿಡಿದು, ಕಂದು ತಿರುಗಿದೆಯಾ ಅಂತ ಪರೀಕ್ಷೆ ಮಾಡುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಶೆಲ್ಫಿನದು ಬೇಡ, ಬಿಯರ್ ಫ್ರಿಜ್‌ನ ಒಳಗಿನದು ಕೊಡಪ್ಪ ಅನ್ನುತ್ತೇನೆ. ಹುಡುಗನಿಗೆ ಅಭ್ಯಾಸವಾಗಿದೆ. ಕೇಕ್‌ಗಾ ಅಂತ ಕೇಳುವುದಿಲ್ಲ.

ಆ 3,400ರ ಬಾಟಲಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಗಾಜು ಗಟ್ಟಿ, ತಳ ಭಾರ, ಗಾಳಿಗೆ ಉರುಳುವುದಿಲ್ಲ. ನೀರು ತುಂಬಿ, ಮನಿ ಪ್ಲಾಂಟ್ ಹಾಕಿ, ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೇನೆ. ಭಾವ ಬಂದಾಗಲೆಲ್ಲ ಎಲೆ ಎಣಿಸಿ, ‘ಇನ್ನೂ ಬಡ್ಡೀನೂ ಬಂದಿಲ್ಲ ಕಣಮ್ಮ’ ಅನ್ನುತ್ತಾರೆ.